ಜ್ವರ ಬಿಟ್ಟ ಮೇಲೆ ಮೂಡುವ ಕೆಂಪು ಚುಕ್ಕೆಗಳು

ಮಕ್ಕಳಿರುವ ಮನೆಯಲ್ಲಿ ನೆಗಡಿ, ಕೆಮ್ಮು, ಜ್ವರಗಳು ಬಂದುಹೋಗುವುದು ಋತುಮಾನಗಳು ಬಂದುಹೋಗುವಷ್ಟೇ ಸಹಜವಾದುದು. ಮಗು ಎರಡು ದಿನ ಮಲಗುತ್ತದೆ, ಮೂರನೆಯ ದಿನ ಗಂಜಿ ಕೇಳುತ್ತದೆ, ನಾಲ್ಕನೆಯ ದಿನ ಅಂಗಳಕ್ಕಿಳಿಯುತ್ತದೆ. ಹೆತ್ತವರು ಆ ಜ್ವರವನ್ನು ಮರೆತೂ ಬಿಡುತ್ತಾರೆ. ಆದರೆ ಅಪರೂಪಕ್ಕೊಮ್ಮೆ, ಜ್ವರ ಬಿಟ್ಟು ಎರಡು ಮೂರು ವಾರ ಕಳೆದ ಮೇಲೆ, ಮಗುವಿನ ಕಣಕಾಲಿನ ಮೇಲೆ ಸೂಜಿಮೊನೆಯಷ್ಟು ಚಿಕ್ಕ ಕೆಂಪು ಚುಕ್ಕೆಗಳು ತಾಯಿಯ ಕಣ್ಣಿಗೆ ಬೀಳುತ್ತವೆ. ಮರುದಿನ, ಏಟು ಬಿದ್ದ ನೆನಪೇ ಇಲ್ಲದಿದ್ದರೂ, ತೊಡೆ ಬೆನ್ನುಗಳ ಮೇಲೆ ನೀಲಿಗಟ್ಟಿದ ಕಲೆಗಳು ಕಾಣುತ್ತವೆ. ರಕ್ತಪರೀಕ್ಷೆ ಮಾಡಿಸಿದರೆ ಲಕ್ಷಗಳಲ್ಲಿರಬೇಕಾದ ಪ್ಲೇಟ್‌ಲೆಟ್ ಸಂಖ್ಯೆ ಹತ್ತು ಹದಿನೈದು ಸಾವಿರಕ್ಕೆ ಇಳಿದಿರುತ್ತದೆ. ಅಲ್ಲಿಗೆ ಆ ಮನೆಯ ನಿದ್ರೆ ಹಾರಿಹೋಗುತ್ತದೆ.

ನಾವು ವೈದ್ಯರಲ್ಲ, ಗ್ರಂಥಗಳ ನಡುವೆ ಆಯುಷ್ಯವನ್ನು ಕಳೆದವರು. ಆದರೂ ಸಂಕಟದಲ್ಲಿರುವ ಗೃಹಸ್ಥರು ಇಂತಹ ಚೀಟಿಗಳನ್ನು ಹಿಡಿದುಕೊಂಡು ನಮ್ಮ ಮುಂದೆ ಕುಳಿತು ಕಣ್ಣೀರು ಹಾಕುವುದುಂಟು. ಅವರ ಸಲುವಾಗಿಯೇ ಈ ವ್ಯಾಧಿಯ ವಿಚಾರವನ್ನು ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡಿದ್ದೇವೆ. ತಿಳಿದುಕೊಂಡದ್ದರ ಸಾರವಿಷ್ಟು: ಇದು ನೋಡಲು ಭಯಂಕರ, ಆದರೆ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಗುಣವಾಗುವಂಥದು. ಇಲ್ಲಿ ನೋಡಬೇಕಾದುದು ಚೀಟಿಯಲ್ಲಿರುವ ಅಂಕಿಗಿಂತ ಹೆಚ್ಚಾಗಿ ಎದುರಿಗಿರುವ ಮಗುವನ್ನು. ಈ ಮಾತು ಏಕೆ ನಿಜ, ಎಲ್ಲಿ ಮಾತ್ರ ನಿರ್ಲಕ್ಷ್ಯ ಸಲ್ಲದು ಎಂಬುದನ್ನು ಓದುಗ ಬಂಧುಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ರಕ್ತದ ಕಿರುತಟ್ಟೆಗಳು

ನಮ್ಮ ರಕ್ತದಲ್ಲಿ ಕೆಂಪುಕಣ, ಬಿಳಿಕಣಗಳೊಡನೆ ಅವಕ್ಕಿಂತಲೂ ಚಿಕ್ಕದಾದ, ತಟ್ಟೆಯಾಕಾರದ ಕಣಗಳಿವೆ. ಇವೇ ಕಿರುತಟ್ಟೆಗಳು, ಅಂದರೆ ಈಗ ಎಲ್ಲರ ಬಾಯಲ್ಲೂ ಇರುವ ಪ್ಲೇಟ್‌ಲೆಟ್‌ಗಳು. ಚರ್ಮ ಗೀರಿದಾಗ, ಒಳಗಿನ ನವುರಾದ ರಕ್ತನಾಳ ಒಡೆದಾಗ ಇವು ಧಾವಿಸಿ ಬಂದು ಒಂದಕ್ಕೊಂದು ಅಂಟಿಕೊಂಡು ಬಿರುಕನ್ನು ಮುಚ್ಚುತ್ತವೆ. ಒಂದು ಮೈಕ್ರೊಲೀಟರಿನಷ್ಟು, ಅಂದರೆ ಸಣ್ಣ ಹನಿಗಿಂತಲೂ ಕಡಿಮೆ ರಕ್ತದಲ್ಲಿ, ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇವು ಇರುತ್ತವೆ. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ, 7ರಿಂದ 10 ದಿನ ಬದುಕಿ, ಮುದಿಯಾದ ಮೇಲೆ ಮುಖ್ಯವಾಗಿ ಗುಲ್ಮದಲ್ಲಿಯೂ ಯಕೃತ್ತಿನಲ್ಲಿಯೂ ಲಯವಾಗುತ್ತವೆ. ಒಂದು ಕಡೆ ಕಾಲುವೆಯಿಂದ ನೀರು ಬರುತ್ತ, ಇನ್ನೊಂದು ಕಡೆ ತೂಬಿನಿಂದ ಹರಿದುಹೋಗುತ್ತ, ಒಂದೇ ಮಟ್ಟದಲ್ಲಿ ನಿಂತಿರುವ ಕೆರೆಯಂತೆ ಇವುಗಳ ಲೆಕ್ಕಾಚಾರ.

ಈ ಲೆಕ್ಕ ತಪ್ಪಲು ಎರಡು ದಾರಿಗಳಿವೆ. ಕಾಲುವೆಯೇ ಬತ್ತಬಹುದು, ಮಜ್ಜೆಯನ್ನು ಹಾಳುಗೆಡಹುವ ರಕ್ತದ ಕ್ಯಾನ್ಸರ್ ಮುಂತಾದ ಘೋರ ವ್ಯಾಧಿಗಳಲ್ಲಿ ಆಗುವುದು ಅದು. ಇಲ್ಲವೆ ಕಾಲುವೆ ತುಂಬಿ ಹರಿಯುತ್ತಿದ್ದರೂ ತೂಬು ಅತಿಯಾಗಿ ತೆರೆದುಕೊಂಡಿರಬಹುದು. ನಾವು ಹೇಳಹೊರಟಿರುವುದು ಈ ಎರಡನೆಯದನ್ನು.

ಕಾವಲುಗಾರನ ಗುರುತು ತಪ್ಪಿದಾಗ

ವೈರಾಣುವೊಂದು ಮಗುವಿನ ದೇಹವನ್ನು ಹೊಕ್ಕಾಗ, ದೇಹದ ರಕ್ಷಣಾಶಕ್ತಿಯು ಆ ವೈರಿಯ ಮೈಮೇಲಿನ ಗುರುತುಗಳನ್ನು ಹಿಡಿದು, ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳೆಂಬ ಪದಾರ್ಥಗಳನ್ನು ತಯಾರಿಸುತ್ತದೆ. ಜ್ವರ ಇಳಿಯುವುದು ಈ ಹೋರಾಟದ ಫಲದಿಂದಲೇ. ಆದರೆ ಕೆಲವು ಮಕ್ಕಳಲ್ಲಿ ಹೀಗೆ ಸಿದ್ಧವಾದ ಪ್ರತಿಕಾಯಗಳು ಕಿರುತಟ್ಟೆಗಳನ್ನೂ ವೈರಿಯೆಂದು ಬಗೆದು ಅವುಗಳಿಗೆ ಅಂಟಿಕೊಳ್ಳುತ್ತವೆ. ಕಳ್ಳನು ತೊಟ್ಟಂಥದೇ ಅಂಗಿ ತೊಟ್ಟ ಮನೆಯ ಮಗನನ್ನು ಕಾವಲುಗಾರನು ಕತ್ತಲಲ್ಲಿ ಹೊಡೆದಂತೆ ಇದು. ಪ್ರತಿಕಾಯ ಅಂಟಿದ ಕಿರುತಟ್ಟೆಯು ಗುಲ್ಮವನ್ನು ಹಾದುಹೋಗುವಾಗ ಅಲ್ಲಿಯ ಭಕ್ಷಕ ಕಣಗಳು ಅದನ್ನು ನುಂಗಿಬಿಡುತ್ತವೆ. ಹತ್ತು ದಿನ ಬಾಳಬೇಕಾದುದು ಕೆಲವೇ ಗಂಟೆಗಳಲ್ಲಿ ಅಳಿಯುತ್ತದೆ. ಮಜ್ಜೆ ಎಷ್ಟು ದುಡಿದರೂ ಸಾಲದಾಗುತ್ತದೆ.

ವೈದ್ಯರು ಇದನ್ನು ಸಂಕ್ಷೇಪವಾಗಿ ಐಟಿಪಿ ಎನ್ನುತ್ತಾರೆ. ಕಿರುತಟ್ಟೆಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದು, ಬೇರೆ ಕಾರಣ ಕಾಣದಿದ್ದಾಗ ಈ ಹೆಸರು ಸಲ್ಲುತ್ತದೆ. ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು ಐದು ಮಕ್ಕಳಿಗೆ ಬರುವ ಈ ವ್ಯಾಧಿ ಎರಡರಿಂದ ಐದು ವರ್ಷದೊಳಗಿನವರಲ್ಲಿ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಹಿಂದಿನ ಕೆಲವು ವಾರಗಳಲ್ಲಿ ನೆಗಡಿ ಜ್ವರವೋ ಸೀತಾಳೆ ಸಿಡುಬೋ ರುಬೆಲ್ಲಾವೋ ಮತ್ತಾವುದೋ ವೈರಾಣುವಿನ ಸೋಂಕೋ ಬಂದುಹೋಗಿರುತ್ತದೆ. 2020ರಿಂದೀಚೆಗೆ ಕೋವಿಡ್ ಬಂದುಹೋದ ಮೇಲೂ ಇದು ಕಂಡುಬಂದದ್ದುಂಟು. ಇದು ಒಬ್ಬರಿಂದೊಬ್ಬರಿಗೆ ಅಂಟುವಂಥದಲ್ಲ. ಆದುದರಿಂದ ಮಗುವನ್ನು ಅಣ್ಣತಮ್ಮಂದಿರಿಂದ ದೂರವಿಡಬೇಕಾಗಿಲ್ಲ. ತಾಯಿ ಬಸುರಿಯಾಗಿದ್ದಾಗ ತಿಂದದ್ದಕ್ಕೂ, ಮನೆಯವರು ಆಡಿದ ಮಾತಿಗೂ, ಯಾರದೋ ದೃಷ್ಟಿಗೂ ಇದಕ್ಕೂ ಸಂಬಂಧವಿಲ್ಲ. ಸೊಸೆಯ ಮೇಲೆ ಅಪವಾದ ಹೊರಿಸುವ ಹಿರಿಯರು ಈ ಮಾತನ್ನು ಮನಸ್ಸಿಟ್ಟು ಕೇಳಬೇಕು.

ಈ ತಿಳಿವು ಬಂದ ದಾರಿ

ಈ ವ್ಯಾಧಿಯನ್ನು ಸ್ಪಷ್ಟವಾಗಿ ಬಣ್ಣಿಸಿದವರಲ್ಲಿ ಮೊದಲಿಗರು ಜರ್ಮನಿಯ ಹ್ಯಾನೋವರ್ ನಗರದ ವೈದ್ಯ ಪೌಲ್ ವೆರ್ಲ್‌ಹೋಫ್, ಅದು 1735ರಲ್ಲಿ. ಆಗ ಕಿರುತಟ್ಟೆಗಳೆಂಬುವು ಇವೆಯೆಂದೇ ಯಾರಿಗೂ ತಿಳಿದಿರಲಿಲ್ಲ. ಇಟಲಿಯ ಜೂಲಿಯೊ ಬಿಜ್ಜೊಜೆರೊ ಅವರು ಅವುಗಳ ಕಾರ್ಯವನ್ನು ವಿವರಿಸಿದ್ದು 1882ರಲ್ಲಿ. 1916ರಲ್ಲಿ ಪ್ರಾಗ್ ನಗರದ ವೈದ್ಯ ವಿದ್ಯಾರ್ಥಿ ಪೌಲ್ ಕಾಜ್ನೆಲ್ಸನ್, ಕಿರುತಟ್ಟೆಗಳು ಹಾಳಾಗುವ ಸ್ಥಳ ಗುಲ್ಮವೇ ಇರಬೇಕೆಂದು ತರ್ಕಿಸಿದ. ಅವನ ಸಲಹೆಯಂತೆ ರೋಗಿಯೊಬ್ಬಳ ಗುಲ್ಮವನ್ನು ತೆಗೆಯಲಾಗಿ ಕಿರುತಟ್ಟೆಗಳ ಸಂಖ್ಯೆ ಏರಿತು.

ಆದರೆ ಅವು ಹಾಳಾಗುವುದೇಕೆ ಎಂಬುದು ಮಾತ್ರ ಒಗಟಾಗಿಯೇ ಉಳಿದಿತ್ತು. ಅದನ್ನು ಬಿಡಿಸಿದವರು ಅಮೆರಿಕದ ಸೇಂಟ್ ಲೂಯಿಸ್‌ನ ತರುಣ ವೈದ್ಯ ವಿಲಿಯಂ ಹ್ಯಾರಿಂಗ್ಟನ್. 1950ರಲ್ಲಿ ಅವರು ಈ ವ್ಯಾಧಿಯಿಂದ ನರಳುತ್ತಿದ್ದ ರೋಗಿಯ ರಕ್ತವನ್ನು ತಮ್ಮ ದೇಹಕ್ಕೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಕಿರುತಟ್ಟೆಗಳು ಪಾತಾಳಕ್ಕಿಳಿದವು. ಆರೋಗ್ಯವಂತನ ಮೈಮೇಲೆ ರಕ್ತದ ಚುಕ್ಕೆಗಳು ಮೂಡಿದವು. ಕೆಲವು ದಿನಗಳಲ್ಲಿ ಅವರು ಚೇತರಿಸಿಕೊಂಡರು. ತೊಡಕು ಕಿರುತಟ್ಟೆಯಲ್ಲಿಲ್ಲ, ರಕ್ತದ ದ್ರವದಲ್ಲಿರುವ ಯಾವುದೋ ಅಂಶ ಅದನ್ನು ನಾಶಮಾಡುತ್ತಿದೆ ಎಂಬುದು ಹೀಗೆ ಜಗತ್ತಿಗೆ ತಿಳಿಯಿತು. ಪರರ ನೋವಿನ ಮೂಲವನ್ನರಿಯಲು ತನ್ನ ದೇಹವನ್ನೇ ಒಡ್ಡಿದ ಈ ಸಾಹಸವನ್ನು ನಾವು ತಪಸ್ಸೆಂದೇ ಕರೆಯುತ್ತೇವೆ.

1981ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನ ಮಕ್ಕಳ ವೈದ್ಯ ಪೌಲ್ ಇಂಬಾಖ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅನೇಕ ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು, ಅಂದರೆ ಇಮ್ಯುನೋಗ್ಲಾಬ್ಯುಲಿನ್ನನ್ನು, ರಕ್ತನಾಳದ ಮೂಲಕ ಕೊಟ್ಟರೆ ಇಂತಹ ಮಕ್ಕಳ ಕಿರುತಟ್ಟೆಗಳು ಬೇಗನೆ ಏರುತ್ತವೆಂದು ಅವರು ತೋರಿಸಿಕೊಟ್ಟರು. ಗುಲ್ಮದ ಭಕ್ಷಕ ಕಣಗಳ ಗಮನ ಬೇರೆಡೆಗೆ ತಿರುಗಿ, ಕಿರುತಟ್ಟೆಗಳು ಆ ಹೊತ್ತಿಗೆ ಬಚಾವಾಗುತ್ತವೆ.

ಇದು ಡೆಂಗೀಯೇ, ಮತ್ತೊಂದೇ?

ನಮ್ಮ ನಾಡಿನಲ್ಲಿ ಮಳೆಗಾಲ ಬಂತೆಂದರೆ ಪ್ಲೇಟ್‌ಲೆಟ್ ಎಂಬ ಮಾತಿನ ಜೊತೆಗೇ ಡೆಂಗೀ ಎಂಬ ಮಾತು ಬರುತ್ತದೆ. ಎರಡರ ವ್ಯತ್ಯಾಸ ತಿಳಿದಿರಬೇಕು. ಡೆಂಗೀಯಲ್ಲಿ ಜ್ವರವಿರುವ ಆ ವಾರದಲ್ಲಿಯೇ ಕಿರುತಟ್ಟೆಗಳು ಇಳಿಯುತ್ತವೆ. ಮಗು ಬಳಲಿ ಹಾಸಿಗೆ ಹಿಡಿದಿರುತ್ತದೆ. ಜ್ವರ ಇಳಿಯುವ ಹೊತ್ತೇ ಅಲ್ಲಿ ಹೆಚ್ಚು ಅಪಾಯದ್ದು. ರಕ್ತನಾಳಗಳಿಂದ ದ್ರವ ಸೋರಿಹೋಗುವುದು ಅಲ್ಲಿಯ ಮುಖ್ಯ ಸಂಕಟ. ಐಟಿಪಿಯಲ್ಲಾದರೋ ಜ್ವರ ಹೋಗಿ ವಾರಗಳಾಗಿರುತ್ತವೆ. ಮಗು ಉಂಡು, ನಕ್ಕು, ಓಡಾಡಿಕೊಂಡಿರುತ್ತದೆ. ಚುಕ್ಕೆ ಕಲೆಗಳ ಹೊರತು ಬೇರೇನೂ ಇರುವುದಿಲ್ಲ. ಹೀಗಿದ್ದರೂ ಯಾವುದೆಂದು ನಿರ್ಧರಿಸುವ ಹೊಣೆ ವೈದ್ಯರದೇ ಹೊರತು ನೆರೆಮನೆಯವರದಲ್ಲ.

ಗಾಜಿನ ಲೋಟದ ಬದಿಯಿಂದ ಚುಕ್ಕೆಯನ್ನು ಒತ್ತಿ ನೋಡಿದರೆ, ಬೆವರುಸಾಲೆಯಂಥ ಸಾಮಾನ್ಯ ಗಂದೆಯ ಕೆಂಪು ಮಾಯವಾಗುತ್ತದೆ. ಚರ್ಮದೊಳಗೆ ರಕ್ತ ಜಿನುಗಿದ ಚುಕ್ಕೆ ಮಾಯವಾಗುವುದಿಲ್ಲ. ಮಾಯವಾಗದ ಚುಕ್ಕೆಗಳು ಕಂಡ ದಿನವೇ ರಕ್ತಪರೀಕ್ಷೆ ಮಾಡಿಸಬೇಕು. ಇಂತಹ ಚುಕ್ಕೆಗಳೊಡನೆ ಜ್ವರವೂ ಇದ್ದು ಮಗು ಮಂಕಾಗಿದ್ದರೆ ಅದು ರಕ್ತಕ್ಕೆ ಹರಡಿದ ಕಠಿಣ ಸೋಂಕಿರಬಹುದು. ಆಗ ಒಂದು ಗಂಟೆಯನ್ನೂ ಕಳೆಯಬಾರದು.

ಯಂತ್ರ ಕೊಟ್ಟ ಅಂಕಿಯೊಂದನ್ನೇ ನಂಬದೆ, ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಬಹು ಮುಖ್ಯ. ರಕ್ತ ಹೆಪ್ಪುಗಟ್ಟದಿರಲೆಂದು ಸೀಸೆಯಲ್ಲಿ ಹಾಕಿರುವ ರಾಸಾಯನಿಕದಿಂದ ಕೆಲವೊಮ್ಮೆ ಕಿರುತಟ್ಟೆಗಳು ಗುಂಪುಗೂಡಿ, ಯಂತ್ರವು ಅವನ್ನು ಕಡಿಮೆಯಾಗಿ ಎಣಿಸುವುದುಂಟು. ಅದಲ್ಲದೆ ಬಿಳಿಕಣಗಳಲ್ಲಿ ದೋಷವಿದ್ದರೆ ಆ ಲೇಪದಲ್ಲಿ ತಿಳಿಯುತ್ತದೆ. ಮಗು ಬಿಳಿಚಿಕೊಂಡಿದ್ದರೆ, ಮೂಳೆ ನೋವೆಂದು ರಾತ್ರಿ ಅಳುತ್ತಿದ್ದರೆ, ತೂಕ ಇಳಿದಿದ್ದರೆ, ಕುತ್ತಿಗೆ ಕಂಕುಳುಗಳಲ್ಲಿ ಗಂಟುಗಳಿದ್ದರೆ, ಗುಲ್ಮ ಅಥವಾ ಯಕೃತ್ತು ಊದಿಕೊಂಡಿದ್ದರೆ ವೈದ್ಯರು ಮಜ್ಜೆಯ ಪರೀಕ್ಷೆಯನ್ನು ಹೇಳುತ್ತಾರೆ, ಅದಕ್ಕೆ ಹಿಂಜರಿಯಬಾರದು. ಇವೊಂದೂ ಇಲ್ಲದೆ, ರಕ್ತಲೇಪವೂ ಸರಿಯಾಗಿದ್ದರೆ ಮಜ್ಜೆಯನ್ನು ಚುಚ್ಚಿ ನೋಡುವ ಅವಶ್ಯಕತೆಯಿಲ್ಲ.

ಅಂಕಿಯನ್ನು ನೋಡಬೇಕೋ, ಮಗುವನ್ನು ನೋಡಬೇಕೋ?

ಹೆತ್ತವರಿಗೆ ಅರಗಿಸಿಕೊಳ್ಳಲು ಕಷ್ಟವಾದ ಮಾತು ಇದು. ಮಗುವಿನ ಕಿರುತಟ್ಟೆ ಹತ್ತು ಸಾವಿರಕ್ಕಿಳಿದಿದ್ದರೂ, ಚರ್ಮದ ಮೇಲಿನ ಚುಕ್ಕೆ ಕಲೆಗಳ ಹೊರತು ಬೇರೆ ರಕ್ತಸ್ರಾವವಿಲ್ಲದಿದ್ದರೆ, ಅನೇಕ ವೇಳೆ ವೈದ್ಯರು ಔಷಧವನ್ನೇ ಕೊಡದೆ ಕಾದು ನೋಡೋಣವೆನ್ನುತ್ತಾರೆ. ಇದು ಉದಾಸೀನವಲ್ಲ. ಅಮೆರಿಕದ ರಕ್ತರೋಗತಜ್ಞರ ಸಂಘವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕಾರಣ ಸರಳ: ಸುಮಾರು ನಾಲ್ಕರಲ್ಲಿ ಮೂರು ಮಕ್ಕಳು, ಔಷಧ ಕೊಟ್ಟರೂ ಕೊಡದಿದ್ದರೂ, ಆರು ತಿಂಗಳಿಂದ ಒಂದು ವರ್ಷದೊಳಗೆ ಗುಣವಾಗುತ್ತಾರೆ; ಬಹಳ ಮಂದಿ ಕೆಲವೇ ವಾರಗಳಲ್ಲಿ ಗುಣವಾಗುತ್ತಾರೆ. ಔಷಧಗಳು ಅಂಕಿಯನ್ನು ಬೇಗ ಏರಿಸುತ್ತವೆ ನಿಜ. ಆದರೆ ವ್ಯಾಧಿಯ ಗತಿಯನ್ನು ಬಹುಮಟ್ಟಿಗೆ ಕಾಲವೇ ನಿರ್ಧರಿಸುತ್ತದೆ. ಮಜ್ಜೆಯಿಂದ ಹೊಸದಾಗಿ ಹೊರಬಂದ ಕಿರುತಟ್ಟೆಗಳು ಗಾತ್ರದಲ್ಲಿ ದೊಡ್ಡವೂ ಚುರುಕಾದವೂ ಆಗಿರುವುದರಿಂದ, ಸಂಖ್ಯೆ ಕಡಿಮೆಯಿದ್ದರೂ ಕೆಲಸ ನಡೆಯುತ್ತದೆ.

ಹಾಗೆಂದು ಔಷಧ ಬೇಡವೇ ಬೇಡ ಎಂದಲ್ಲ. ಮೂಗಿನಿಂದ, ಬಾಯಿಯ ಒಳಪೊರೆಯಿಂದ ನಿಲ್ಲದೆ ರಕ್ತ ಬರುತ್ತಿದ್ದರೆ, ಮಲಮೂತ್ರಗಳಲ್ಲಿ ರಕ್ತವಿದ್ದರೆ ಚಿಕಿತ್ಸೆ ಅನಿವಾರ್ಯ. ಆಗ ಸ್ಟೀರಾಯ್ಡನ್ನು ಸಾಮಾನ್ಯವಾಗಿ ಒಂದು ವಾರಕ್ಕೆ ಮೀರದಂತೆ ಕೊಡುತ್ತಾರೆ, ಇಲ್ಲವೆ ಇಮ್ಯುನೋಗ್ಲಾಬ್ಯುಲಿನ್ ಏರಿಸುತ್ತಾರೆ. ಎರಡನೆಯದು ಬಹು ದುಬಾರಿ. ಅಂಕಿ ಇಳಿಯಿತೆಂಬ ಭಯದಿಂದ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಮುಂದುವರಿಸಿದರೆ ಮಗುವಿನ ಮುಖ ಊದುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಸೋಂಕುಗಳು ಮುತ್ತುತ್ತವೆ.

ಇನ್ನೊಂದು ಮಾತು. ಸುದ್ದಿ ತಿಳಿದೊಡನೆ ಬಂಧುಬಳಗದವರು ಪ್ಲೇಟ್‌ಲೆಟ್ ದಾನಿಗಳಿಗಾಗಿ ಊರೂರು ಓಡಾಡುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಈ ವ್ಯಾಧಿಯಲ್ಲಿ ಹೊರಗಿನಿಂದ ಏರಿಸಿದ ಕಿರುತಟ್ಟೆಗಳನ್ನೂ ಅದೇ ಪ್ರತಿಕಾಯಗಳು ಹಿಡಿದುಹಾಕುತ್ತವೆ. ತೂಬು ತೆರೆದ ಕೆರೆಗೆ ಕೊಡದಿಂದ ನೀರು ಸುರಿದಂತಾಗುತ್ತದೆ. ಪ್ರಾಣಕ್ಕೆ ಅಪಾಯವಿರುವ ರಕ್ತಸ್ರಾವದಲ್ಲಿ ಮಾತ್ರ ಇತರ ಔಷಧಗಳ ಜೊತೆಗೆ ಅದನ್ನು ಏರಿಸುತ್ತಾರೆ. ಪಪ್ಪಾಯಿ ಎಲೆಯ ರಸ ಇದನ್ನು ಗುಣಪಡಿಸುತ್ತದೆಂಬುದಕ್ಕೂ ಆಧಾರವಿಲ್ಲ. ಬಲವಂತವಾಗಿ ಕುಡಿಸಿದ ಆ ಕಹಿರಸದಿಂದ ಮಗು ವಾಂತಿ ಮಾಡಿಕೊಳ್ಳುವುದೇ ಹೆಚ್ಚು. ಆಮೇಲೆ ತಾನಾಗಿ ಏರಿದ ಅಂಕಿಯ ಕೀರ್ತಿ ಮಾತ್ರ ಪಪ್ಪಾಯಿಗೆ ಸಲ್ಲುತ್ತದೆ.

ತಡಮಾಡಬಾರದ ಲಕ್ಷಣಗಳು

ಈ ವ್ಯಾಧಿಯಲ್ಲಿ ನಿಜವಾಗಿ ಹೆದರಬೇಕಾದುದು ಮಿದುಳಿನೊಳಗಿನ ರಕ್ತಸ್ರಾವಕ್ಕೆ. ಅದು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಮಕ್ಕಳಲ್ಲಿ ಆಗುವಂಥದು. ಆದರೆ ಆದಾಗ ಪ್ರಾಣಾಂತಿಕ. ಆದುದರಿಂದ ತೀವ್ರವಾದ ತಲೆನೋವು, ಮರುಕಳಿಸುವ ವಾಂತಿ, ಮಂಪರು, ಮಾತಿನ ತೊದಲು, ಕೈಕಾಲಿನ ಸ್ವಾಧೀನ ತಪ್ಪುವುದು, ಫಿಟ್ಸ್ ಬರುವುದು ಇವುಗಳಲ್ಲಿ ಯಾವುದೊಂದು ಕಂಡರೂ, ತಲೆಗೆ ಏಟು ಬಿದ್ದರೂ, ರಾತ್ರಿ ಎಷ್ಟು ಹೊತ್ತಾಗಿದ್ದರೂ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಡಾಂಬರಿನಂತೆ ಕಪ್ಪಾದ ಮಲ, ಕೆಂಪು ಮೂತ್ರ, ಅರ್ಧಗಂಟೆ ಕಳೆದರೂ ನಿಲ್ಲದ ಮೂಗಿನ ರಕ್ತ, ದೊಡ್ಡ ಹುಡುಗಿಯರಲ್ಲಿ ಮಿತಿಮೀರಿದ ಮುಟ್ಟಿನ ಸ್ರಾವ ಇವೂ ಅಂತಹವೇ. ಮೂಗಿನಿಂದ ರಕ್ತ ಬಂದಾಗ ಮಗುವನ್ನು ಮಲಗಿಸಬಾರದು. ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿದಿರಬೇಕು.

ಮನೆಯಲ್ಲಿ ಪಾಲಿಸಬೇಕಾದುವು

ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವುನಿವಾರಕಗಳನ್ನು ಕೊಡಲೇಬಾರದು. ಅವು ಉಳಿದಿರುವ ಕಿರುತಟ್ಟೆಗಳನ್ನೂ ನಿಷ್ಕ್ರಿಯಗೊಳಿಸುತ್ತವೆ. ಜ್ವರ ಬಂದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಊರಿನ ವೈದ್ಯರಲ್ಲಿ ಹೋಗಿ ಸೊಂಟಕ್ಕೆ ಸೂಜಿ ಹಾಕಿಸುವ ಅಭ್ಯಾಸವಿದ್ದರೆ ಈ ಕಾಲದಲ್ಲಿ ಬೇಡ; ಮಾಂಸಖಂಡದೊಳಗೆ ರಕ್ತ ತುಂಬಿಕೊಳ್ಳುತ್ತದೆ. ಕಿವಿ ಚುಚ್ಚಿಸುವುದು, ಹಲ್ಲು ಕೀಳಿಸುವುದು ಮುಂದಕ್ಕೆ ಹೋಗಲಿ. ಮೆತ್ತನೆಯ ಬ್ರಷ್ ಇರಲಿ. ಕಬಡ್ಡಿ, ಮರ ಹತ್ತುವುದು, ಸೈಕಲ್ ಇವಕ್ಕೆ ಅಂಕಿ ಏರುವವರೆಗೆ ವಿರಾಮ. ಆದರೆ ಮಗುವನ್ನು ಹಾಸಿಗೆಗೆ ಕಟ್ಟಿಹಾಕಬೇಕಾಗಿಲ್ಲ. ಶಾಲೆಗೆ ಹೋಗಬಹುದು, ಉಪಾಧ್ಯಾಯರಿಗೆ ವಿಷಯವನ್ನು ತಿಳಿಸಿರಬೇಕು. ಮೈಮೇಲಿನ ಕಲೆಗಳನ್ನು ಕಂಡು ಹೆತ್ತವರೇ ಹೊಡೆದರೆಂದು ಅಪರಿಚಿತರು ಶಂಕಿಸುವುದೂ ಉಂಟು. ಆಹಾರದಲ್ಲಿ ಪಥ್ಯವೇನಿಲ್ಲ, ಮನೆಯ ಊಟವೇ ಸಾಕು.

ಕೆಲವು ಕಡೆ ಮಕ್ಕಳಿಗೆ ಬರೆ ಹಾಕುವ ಪದ್ಧತಿ ಇನ್ನೂ ಉಳಿದಿದೆ. ಕಿರುತಟ್ಟೆ ಕುಸಿದ ಮಗುವಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ದೇವರ ಮುಂದೆ ದೀಪ ಹಚ್ಚಿರಿ, ಹಣೆಗೆ ವಿಭೂತಿ ಇಡಿರಿ. ಅದರಿಂದ ಹೆತ್ತವರ ಮನಸ್ಸು ಸ್ತಿಮಿತಗೊಳ್ಳುತ್ತದೆ. ಆದರೆ ರಕ್ತಪರೀಕ್ಷೆ ಮಾಡಿಸುವುದಕ್ಕೆ ಮುನ್ನ ತಾಯಿತಕ್ಕಾಗಿ ಮೂರು ಊರು ತಿರುಗುವುದನ್ನು ನಾವು ಒಪ್ಪುವುದಿಲ್ಲ.

ಲಸಿಕೆಯ ವಿಚಾರ

ದಡಾರ ರುಬೆಲ್ಲಾ ಲಸಿಕೆಯಿಂದಲೂ ಇದು ಬರುತ್ತದಂತೆ ಎಂದು ಕೆಲವರು ಕೇಳುತ್ತಾರೆ. ಬರುವುದುಂಟು: ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಒಟ್ಟಾಗಿ ಕೊಡುವ ಲಸಿಕೆಯ ನಂತರದ ಆರು ವಾರಗಳಲ್ಲಿ ಮೂವತ್ತು ನಲವತ್ತು ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ; ಅದೂ ಸಾಮಾನ್ಯವಾಗಿ ಸೌಮ್ಯವಾಗಿದ್ದು ಗುಣವಾಗುತ್ತದೆ. ಆದರೆ ಆ ರೋಗಗಳೇ ಬಂದರೆ ಕಿರುತಟ್ಟೆ ಕುಸಿಯುವ ಸಂಭವ ಇದಕ್ಕಿಂತ ಎಷ್ಟೋ ಹೆಚ್ಚು. ಜೊತೆಗೆ ದಡಾರದ ನ್ಯುಮೋನಿಯಾ, ಮಿದುಳುರಿತಗಳ ಭಯ ಬೇರೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗಲೂ ಇಲ್ಲದ ಭೀತಿಗಳು ಹಬ್ಬಿದ್ದವು. ಹಗ್ಗಕ್ಕೆ ಹೆದರಿ ಹಾವನ್ನು ಹಿಡಿಯುವುದು ಜಾಣತನವಲ್ಲ. ಹಿಂದೆ ಐಟಿಪಿ ಬಂದಿದ್ದ ಮಗುವಿಗೆ ಮುಂದಿನ ಲಸಿಕೆಯನ್ನು ಯಾವಾಗ ಹಾಕಿಸಬೇಕೆಂದು ಮಕ್ಕಳ ವೈದ್ಯರನ್ನು ಕೇಳಿ ನಡೆಯಬೇಕು.

ಬೇಗ ಗುಣವಾಗದಿದ್ದರೆ

ಐದರಲ್ಲಿ ಒಂದು ಮಗುವಿನಲ್ಲಿ ಈ ವ್ಯಾಧಿ ಒಂದು ವರ್ಷವನ್ನು ದಾಟುತ್ತದೆ. ಹದಿಹರೆಯದವರಲ್ಲಿ ಇದು ಹೆಚ್ಚು. ಅವರಲ್ಲೂ ಅನೇಕರು ಮುಂದಿನ ವರ್ಷಗಳಲ್ಲಿ ಗುಣವಾಗುತ್ತಾರೆ. ಅಂಥವರಿಗೆ ಮಜ್ಜೆಯನ್ನು ಹುರಿದುಂಬಿಸಿ ಹೆಚ್ಚು ಕಿರುತಟ್ಟೆಗಳನ್ನು ಹುಟ್ಟಿಸುವ ಎಲ್ಟ್ರೊಂಬೊಪ್ಯಾಗ್‌ನಂತಹ ಮಾತ್ರೆಗಳು ಬಂದಿವೆ. ಅಮೆರಿಕದಲ್ಲಿ ಅದನ್ನು ಮಕ್ಕಳಿಗೂ ಕೊಡಬಹುದೆಂದು ಒಪ್ಪಿದ್ದು 2015ರಲ್ಲಿ. ಒಂದು ಕಾಲದಲ್ಲಿ ಬೇಗನೆ ಮಾಡುತ್ತಿದ್ದ ಗುಲ್ಮದ ಶಸ್ತ್ರಚಿಕಿತ್ಸೆಯನ್ನು ಈಗ ಮಕ್ಕಳಲ್ಲಿ ಕಡೆಯ ಉಪಾಯವಾಗಿ ಮಾತ್ರ ಮಾಡುತ್ತಾರೆ. ಗುಲ್ಮವಿಲ್ಲದ ಮಗುವಿಗೆ ಕೆಲವು ಸೋಂಕುಗಳು ಪ್ರಾಣಾಂತಿಕವಾಗಬಲ್ಲವು. ಆದುದರಿಂದ ಮೊದಲೇ ಲಸಿಕೆಗಳನ್ನು ಹಾಕಿಸಿ, ಜೀವನಪರ್ಯಂತ ಎಚ್ಚರದಿಂದಿರಬೇಕಾಗುತ್ತದೆ.

ಕಡೆಯದಾಗಿ ಹೆತ್ತವರಿಗೊಂದು ಮಾತು. ಏನಾದರೂ ಮಾಡುತ್ತಿದ್ದರೆ ಮನಸ್ಸಿಗೆ ಸಮಾಧಾನ, ಕಾಯುವುದೆಂದರೆ ಸಂಕಟ. ಇದು ಮನುಷ್ಯ ಸಹಜ. ಆದರೆ ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡುವ ರೈತನಿಲ್ಲ. ಹೊಲಕ್ಕೆ ಹೋಗುತ್ತಾನೆ, ಕಳೆ ನೋಡುತ್ತಾನೆ, ಬೇಲಿ ಕಾಯುತ್ತಾನೆ, ಮೊಳಕೆಗಾಗಿ ಕಾಯುತ್ತಾನೆ. ಹಾಗೆಯೇ ವೈದ್ಯರು ಗೊತ್ತುಮಾಡಿದ ದಿನ ರಕ್ತಪರೀಕ್ಷೆ ಮಾಡಿಸಿರಿ. ದಿನಕ್ಕೆರಡು ಬಾರಿ ಚುಚ್ಚಿಸಿ ಅಂಕಿ ನೋಡುವುದು ಬೇಡ. ಬೆಳಿಗ್ಗೆ ಎದ್ದಾಗ ಮಗುವಿನ ಬಾಯಿ, ಮೂಗು, ಮೈಯನ್ನು ಒಮ್ಮೆ ನೋಡಿರಿ. ಅದು ಎಂದಿನಂತೆ ಮಾತಾಡುತ್ತಿದೆಯೇ, ಆಡುತ್ತಿದೆಯೇ ಗಮನಿಸಿರಿ. ತಡಮಾಡಬಾರದ ಲಕ್ಷಣಗಳನ್ನು ಮನೆಯವರೆಲ್ಲರೂ ತಿಳಿದಿರಲಿ, ರಾತ್ರಿ ಹೊತ್ತು ಯಾವ ಆಸ್ಪತ್ರೆಗೆ ಹೋಗಬೇಕೆಂಬುದು ಮೊದಲೇ ನಿಶ್ಚಯವಾಗಿರಲಿ. ಇಷ್ಟು ಸಿದ್ಧತೆಯಿರುವ ಮನೆಯಲ್ಲಿ ಭಯಕ್ಕೆ ಹೆಚ್ಚು ಜಾಗವಿರುವುದಿಲ್ಲ. ಗುರುತು ತಪ್ಪಿದ ಕಾವಲುಗಾರನು ಬಹುಮಟ್ಟಿಗೆ ತಾನೇ ತಿಳಿದುಕೊಳ್ಳುತ್ತಾನೆ. ಅಲ್ಲಿಯವರೆಗೆ ಮಗುವನ್ನು ಎಚ್ಚರದಿಂದ ಕಾಪಾಡಿಕೊಳ್ಳುವುದೇ ನಮ್ಮ ಪಾಲಿನ ಕೆಲಸ.